ವಾಪಸ್ ಟಿಕೆಟ್ ಇಲ್ಲದವಳು

"ವಾಪಸ್ ಬರೋವಾಗ್ಲೂ ಇವರ ಪಕ್ಕದ ಸೀಟೇ ಇರ್ಲಿ," ಎಂದಳು ಹೆಲ್ಕಾ.

ಹೆಲ್ಸಿಂಕಿ ವಿಮಾನ ನಿಲ್ದಾಣದ ಬಿಸಿನೆಸ್ ಕ್ಲಾಸ್ ಲೌಂಜಿನ ಬಾಗಿಲಲ್ಲಿ, ಟಿಕೆಟ್ ನೋಡುತ್ತಿದ್ದ ಹುಡುಗಿಗೆ ಅವಳು ಹೇಳಿದ್ದು ಅಷ್ಟೇ. ಹೇಳುವಾಗ ಬೇಕೆಂದೇ ಪಕ್ಕದಲ್ಲಿದ್ದ ಆರ್ಮಸನ ಕಡೆ ತಿರುಗಲಿಲ್ಲ. ಅವನ ಕಿವಿ ಕೆಂಪಾಗುವುದನ್ನು ಕಣ್ಣಂಚಿನಲ್ಲಿ ಕದ್ದು ನೋಡಬೇಕೆಂಬ ಆಸೆ. ಕದ್ದು ನೋಡಿದಳು. ಕಿವಿ ಕೆಂಪಾಗಲಿಲ್ಲ, ಮುಖವೇ ಬಿಳುಚಿಕೊಂಡಿತ್ತು.

ಹುಡುಗಿ ಪರದೆಯನ್ನೊಮ್ಮೆ ನೋಡಿದಳು. "ಇವರು ಏಪ್ರಿಲ್ ಕೊನೇಲಿ ವಾಪಸ್ ಬರ್ತಾರೆ ಮೇಡಂ. ನಿಮ್ಮದು ಹೋಗೋಕೆ ಮಾತ್ರ ಬುಕ್ ಆಗಿದೆ."

"ಇಲ್ಲ ಇಲ್ಲ, ಸರಿಯಾಗಿ ನೋಡಿ. ಇಬ್ಬರದೂ ಒಟ್ಟಿಗೇ ಮಾಡಿದ್ದು."

"ಒಟ್ಟಿಗೇ ಮಾಡಿದಾರೆ. ಆದ್ರೆ ನಿಮ್ಮದು ಲಿಸ್ಬನ್‌ವರೆಗೆ ಅಷ್ಟೇ."

ಹೆಲ್ಕಾ ಈಗ ತಿರುಗಿದಳು. "ಏನಿದು?"

"ಒಳಗೆ ಕೂತು ಮಾತಾಡೋಣ," ಎಂದ ಆರ್ಮಸ್.

ಪೊರ್ವೊ ಎಂಬ ಸಣ್ಣ ಊರಿನ ಹೊಳೆಯ ದಡದಲ್ಲಿ ಅವರಿಬ್ಬರ ಕಾರ್ಖಾನೆ. ಚರ್ಚುಗಳಿಗೆ, ಸಂಗೀತ ಸಭಾಂಗಣಗಳಿಗೆ ಗೋಡೆಯೆತ್ತರದ ಪೈಪ್ ಆರ್ಗನ್ ಕಟ್ಟಿಕೊಡುವುದು ಕೆಲಸ. ಮರ ಅವನದು, ಸ್ವರ ಅವಳದು. ಅವನು ಹೊರಗೆ ಕೂತು ಕೀಲಿಮಣೆಯ ಒಂದೊಂದೇ ಮನೆ ಒತ್ತಿದರೆ, ಅವಳು ವಾದ್ಯದ ಹೊಟ್ಟೆಯೊಳಗೆ ನಿಂತು ಒಂದೊಂದೇ ಪೈಪಿನ ಬಾಯಿ ತಿದ್ದುತ್ತಾಳೆ. ವರ್ಷಗಟ್ಟಲೆ ಮರದ ಗೋಡೆಯ ಆಚೆ ಈಚೆ ನಿಂತು ಅವರು ಆಡಿದ ಮಾತೆಂದರೆ "ಮುಂದಿನದು" ಮತ್ತು "ಇನ್ನೊಂದ್ಸಲ." ಲಿಸ್ಬನ್ನಿನ ಸಭಾಂಗಣದವರು ತಮ್ಮ ಹೊಸ ಆರ್ಗನ್ ಜೋಡಿಸಲು ಇಬ್ಬರ ಟಿಕೆಟ್ಟನ್ನೂ ಆರ್ಮಸನಿಗೇ ಕಳಿಸಿದ್ದರು. ಅಲ್ಲಿ, ಬಿಸಿಲಿರುವ ಒಂದು ಊರಿನಲ್ಲಿ, ಗೋಡೆ ಇಲ್ಲದ ಒಂದು ಹೊತ್ತಿನಲ್ಲಿ, ಅವನಿಗೆ ಎಲ್ಲ ಹೇಳಿಬಿಡಬೇಕೆಂದು ಹೆಲ್ಕಾ ನಿರ್ಧರಿಸಿಕೊಂಡು ಹೊರಟಿದ್ದಳು.

ಲೌಂಜಿನೊಳಗೆ ತಗ್ಗು ದೀಪ, ಮೆತ್ತನೆಯ ಕುರ್ಚಿ, ಸಾಲ್ಮನ್ ಸೂಪಿನ ಹಬೆ. ಗಾಜಿನಾಚೆ ವಿಮಾನವೊಂದರ ರೆಕ್ಕೆಗೆ ಬಿಸಿ ದ್ರಾವಣ ಹೊಡೆದು ಹಿಮ ಕರಗಿಸುತ್ತಿದ್ದರು. ಆರ್ಮಸ್ ಎರಡು ಬಟ್ಟಲು ಸೂಪು, ರೈ ಬ್ರೆಡ್ಡು ತಂದಿಟ್ಟ. ಅವಳ ಬಟ್ಟಲಿಗೆ ಸಬ್ಬಸಿಗೆ ಸೊಪ್ಪು ಜಾಸ್ತಿ ಉದುರಿಸಿದ್ದ, ಅವಳಿಗೆ ಇಷ್ಟವೆಂದು. ಅದನ್ನು ಕಂಡು ಹೆಲ್ಕಾಳ ಕೋಪ ಇನ್ನೂ ಏರಿತು.

"ಸೂಪು ಆಮೇಲೆ. ಮೊದಲು ಬಾಯಿಬಿಡು."

"ಲಿಸ್ಬನ್‌ನೋರು ಸ್ವರ ತಿದ್ದೋದನ್ನ ಕಲಿಸೋಕೆ ಒಂದು ಶಾಲೆ ಶುರು ಮಾಡ್ತಿದಾರೆ. ಎರಡು ವರ್ಷಕ್ಕೆ ಒಬ್ಬರು ಬೇಕು ಅಂದ್ರು. ನಾನು ನಿನ್ನ ಹೆಸರು ಹೇಳ್ದೆ."

"ನಾನು ಒಪ್ಪಿದೀನಿ ಅಂತ ಹೇಳಿದ್ಯಾ?"

"ಒಪ್ತಾಳೆ ಅನ್ಸುತ್ತೆ ಅಂದೆ."

"ಅನ್ಸುತ್ತಾ?"

"ಮನೇನೂ ನೋಡಿಟ್ಟಿದಾರೆ," ಎಂದ ಅವನು, ಆದ ತಪ್ಪನ್ನು ಹೇಗಾದರೂ ಸಿಹಿ ಮಾಡುವ ಆತುರದಲ್ಲಿ. "ಕಿಟಕಿಯಿಂದ ಹೊಳೆ ಕಾಣುತ್ತಂತೆ."

"ಹೊಳೆ ನಮ್ಮೂರಲ್ಲೂ ಇದೆ ಕಣೋ!"

ನಾಲ್ಕು ಕುರ್ಚಿಯಾಚೆ ಲ್ಯಾಪ್‌ಟಾಪ್ ಒತ್ತುತ್ತಿದ್ದವರ ಬೆರಳು ನಿಂತವು. ಈ ದೇಶದಲ್ಲಿ ಜನರ ನಡುವೆ ದನಿ ಏರಿಸುವುದೆಂದರೆ ಚಪ್ಪಲಿ ಎಸೆದಷ್ಟೇ ದೊಡ್ಡದು. ಹೆಲ್ಕಾ ದನಿ ಇಳಿಸಿದಳು. ಇಳಿಸಿದ ದನಿ ಕೂಗಿಗಿಂತ ಚೂಪಾಗಿತ್ತು.

"ಯಾವಾಗ ಹೇಳೋನಿದ್ದೆ? ನನ್ನ ಪೆಟ್ಟಿಗೆ ಆ ಮನೇಲಿಟ್ಟು, ಬಾಗಿಲಲ್ಲಿ ನಿಂತು, ಟಾಟಾ ಮಾಡೋವಾಗ್ಲಾ?"

"ವಿಮಾನದಲ್ಲಿ."

"ಓಹೋ! ಎದ್ದು ಹೋಗೋಕೆ ಆಗದೇ ಇರೋ ಜಾಗದಲ್ಲಿ. ಭಾರೀ ಜಾಣ ನೀನು."

ಅವನು ಬ್ರೆಡ್ಡನ್ನು ಪುಡಿ ಮಾಡುತ್ತ ಕೂತ. ಅವನ ಹುಬ್ಬಿನಲ್ಲಿ ಎಂದಿನಂತೆ ಮರದ ಹೊಟ್ಟು ಅಂಟಿಕೊಂಡಿತ್ತು. ಬೇರೆ ದಿನವಾಗಿದ್ದರೆ ಅವಳ ಬೆರಳು ಅದನ್ನು ಒರೆಸಲು ತವಕಿಸುತ್ತಿತ್ತು. ಇವತ್ತು ಆ ಹುಬ್ಬನ್ನೇ ಕಿತ್ತುಬಿಡುವಷ್ಟು ಸಿಟ್ಟು.

"ನೀನೇ ಹೇಳಿದ್ದು," ಎಂದ ಕೊನೆಗೆ. "ಕ್ರಿಸ್‌ಮಸ್ ಊಟದಲ್ಲಿ. ಈ ಊರು ಸಾಕಾಗಿದೆ, ಎಲ್ಲಾದ್ರೂ ದೂರ ಹೋಗಿ ಇದ್ದುಬಿಡ್ಬೇಕು ಅಂತ."

"ಹೇಳ್ದೆ. ಯಾಕೆ ಅಂತ ಕೇಳಿದ್ಯಾ?"

"ಇಲ್ಲ."

"ಈಗ ಕೇಳು."

"ಯಾಕೆ?"

"ನಿನ್ನಿಂದ ದೂರ ಹೋಗ್ಬೇಕಿತ್ತು! ದಿನಾ ನಿನ್ನ ಮುಖ ನೋಡ್ಕೊಂಡು, ನಿನಗೆ ಕಾಫಿ ಬಗ್ಗಿಸ್ಕೊಂಡು, ಮನಸ್ಸಲ್ಲಿ ಏನೂ ಇಲ್ಲದವಳ ಥರ ಪೈಪ್ ಊದ್ಕೊಂಡು ಕೂರೋಕೆ ನನ್ನಿಂದ ಆಗ್ತಿರ್ಲಿಲ್ಲ. ಗೊತ್ತಾಯ್ತಾ ಆರ್ಮಸ್?"

ಅವನು ತಲೆಯೆತ್ತಿದ. ಆರ್ಮಸ್ ಎಂದರೆ ಅವರ ನುಡಿಯಲ್ಲಿ ಪ್ರಿಯನೆಂದು ಅರ್ಥ. ಅದಕ್ಕೇ ಹೆಲ್ಕಾ ಇಷ್ಟು ವರ್ಷವೂ ಅವನನ್ನು ಮನೆತನದ ಹೆಸರಿನಿಂದ ರಿಂತಲ ಎಂದೇ ಕರೆದಿದ್ದಳು. ಈಗ ಸಿಟ್ಟಿನಲ್ಲಿ ಬಾಯಿ ಜಾರಿತ್ತು. ಇಬ್ಬರಿಗೂ ಅದು ಕೇಳಿಸಿತು. ಅವಳ ಕುತ್ತಿಗೆಯಿಂದ ಕೆನ್ನೆಯವರೆಗೆ ಬಿಸಿ ಏರಿತು.

"ನನಗೂ ನೀನಂದ್ರೆ..." ಎಂದ ಅವನು.

"ಬೇಡ. ಈಗ ಕನಿಕರಕ್ಕೆ ಏನೂ ಹೇಳ್ಬೇಡ. ಬೆಕ್ಕಿನ ಮರೀನ ಗೋಣಿಚೀಲಕ್ಕೆ ತುಂಬಿ ದೂರದ ಬೀದೀಲಿ ಬಿಟ್ಟು ಬರ್ತಾರಲ್ಲ, ಹಾಗೆ ನನ್ನ ಬಿಟ್ಟು ಬರೋಕೆ ಹೊರಟೋನು ನೀನು. ಅದೂ ಬಿಸಿನೆಸ್ ಕ್ಲಾಸಲ್ಲಿ! ನಾನೇನು ನೀನು ಕಟ್ಟಿದ ಪೆಟ್ಟಿಗೇನಾ, ಬೇಕಾದಲ್ಲಿ ಇಟ್ಟು ಬರೋಕೆ? ನನ್ನ ಬದುಕು..."

"ಮಗಳೇ," ಎಂದಿತು ಒಂದು ದನಿ. ಬೆನ್ನ ಹಿಂದಿನ ಕುರ್ಚಿಯಿಂದ ಬೆಳ್ಳಿಗೂದಲಿನ ಅಜ್ಜಿಯೊಬ್ಬರು ವೈನ್ ಗ್ಲಾಸು ಹಿಡಿದು ಬಾಗಿದ್ದರು. "ಬೈಬೇಕಾದ್ದೇ, ಚೆನ್ನಾಗಿ ಬೈ. ಆದ್ರೆ ಅವನು ಆವಾಗ್ಲಿಂದ ಏನೋ ಹೇಳೋಕೆ ಒದ್ದಾಡ್ತಿದಾನೆ. ಒಂಚೂರು ಸಂದು ಕೊಡು."

ಹೆಲ್ಕಾ ಕೈಕಟ್ಟಿ ಕೂತಳು. "ಹೇಳು."

ಆರ್ಮಸ್ ಉಸಿರೆಳೆದುಕೊಂಡ. "ಎಷ್ಟೋ ಸಲ ಹೇಳೋಕೆ ಅಂತಲೇ ನಿನ್ನ ಹತ್ರ ಬಂದೆ. ಶಾಲೆ ವಿಷಯ ತೆಗೆಯೋಕೆ ಹೋದ್ರೆ ಹೋಗಬೇಡ ಅನ್ನೋದೇ ನಾಲಿಗೆ ತುದೀಲಿ ಬರ್ತಿತ್ತು. ಆ ಮಾತು ಹೇಳಿದ್ರೆ ನೀನು ನಿಂತುಬಿಡ್ತೀಯ ಅನ್ನೋ ಭಯ. ಆಮೇಲೆ ಜನ್ಮಪೂರ್ತಿ ನನ್ನಿಂದ ನೀನು ಕಟ್ಟಿಬಿದ್ದೆ ಅಂತ ಆಗ್ಬಾರದು. ಅದಕ್ಕೇ ಬಾಯಿ ಮುಚ್ಕೊಂಡೆ."

"ಈಗ ಹೇಳು."

"ಏನನ್ನ?"

"ನಾಲಿಗೆ ತುದೀಲಿದ್ದಿದ್ದನ್ನ."

ಅವನ ಕಿವಿ ಈಗ ಕೆಂಪಾಯಿತು. "ಹೋಗಬೇಡ ಹೆಲ್ಕಾ. ನೀನಿಲ್ದೆ ಆ ಕಾರ್ಖಾನೆಗೆ ಕಾಲಿಡೋಕೂ ನನಗೆ ಇಷ್ಟ ಇಲ್ಲ. ನಿನ್ನ ಕಂಡ್ರೆ ನನಗೆ ಪ್ರಾಣ."

ಇದೇ ಮಾತಿಗಾಗಿ ಅವಳು ಎಷ್ಟು ಚಳಿಗಾಲ ಕಾದಿದ್ದಳೋ. ಬಂದಾಗ ಎದೆ ಹಗುರಾಗುತ್ತದೆ, ಕೋಪ ಮಂಜಿನಂತೆ ಕರಗುತ್ತದೆ ಎಂದುಕೊಂಡಿದ್ದಳು. ಎದೆಯೇನೋ ಹೊಡೆದುಕೊಂಡಿತು. ಕೋಪ ಇದ್ದಲ್ಲೇ ಇತ್ತು. ಅದರ ಅಡಿಯಲ್ಲಿ ಇನ್ನೊಂದು ಸತ್ಯವೂ ಇತ್ತು. ಆ ಶಾಲೆ ಅವಳಿಗೆ ಬೇಕಾಗಿತ್ತು. ತನ್ನ ಕಿವಿ ಕಲಿತದ್ದನ್ನು ಹತ್ತು ಕಿವಿಗಳಿಗೆ ಕಲಿಸುವ ಆಸೆಯನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ. ಅದನ್ನು ಇವನು ಹೇಗೋ ಅರಿತಿದ್ದ, ಆದರೆ ಆರಿಸಿಕೊಳ್ಳುವ ಸುಖವನ್ನು ಕಸಿದುಕೊಂಡಿದ್ದ.

ಎದ್ದು ಗಾಜಿನ ಗೋಡೆಯ ಹತ್ತಿರ ಹೋಗಿ ಲಿಸ್ಬನ್ನಿಗೆ ಫೋನ್ ಹಚ್ಚಿದಳು. ಸಭಾಂಗಣದ ಮುಖ್ಯಸ್ಥೆ ಗ್ರಾಸಾ ಎತ್ತಿಕೊಂಡರು.

"ನಾನು ಹೆಲ್ಕಾ ಮೇಡಂ. ನನ್ನ ಪರವಾಗಿ ಯಾರೋ ಒಪ್ಪಿಬಿಟ್ಟಿದಾರಂತೆ. ನಾನು ಒಪ್ಪಿರ್ಲಿಲ್ಲ. ಈಗ ನಾನೇ ಹೇಳ್ತೀನಿ, ಕೇಳಿ. ಎರಡು ವರ್ಷ ಆಗಲ್ಲ. ಬರೋ ಕ್ರಿಸ್‌ಮಸ್‌ವರೆಗೆ ಇದ್ದು ಮೊದಲನೇ ತಂಡಕ್ಕೆ ಕಲಿಸ್ಕೊಡ್ತೀನಿ. ನಿಮಗೆ ಒಪ್ಪಿಗೆಯಾದ್ರೆ ಸರಿ. ಇಲ್ಲಾಂದ್ರೆ ಆರ್ಗನ್ ಜೋಡಿಸಿ ವಾಪಸ್ ಬರ್ತೀನಿ."

ಆಚೆಯಿಂದ ಬಂದದ್ದನ್ನು ಕೇಳಿಸಿಕೊಂಡಳು. ತಲೆಯಾಡಿಸಿದಳು. ಫೋನ್ ಇಟ್ಟು ಬಂದು ಆರ್ಮಸನ ಎದುರು ನಿಂತಳು.

"ಒಪ್ಪಿದ್ರು."

"ಕ್ರಿಸ್‌ಮಸ್‌ವರೆಗಾ?" ಅವನ ಮುಖ ಬಾಡಿತು. "ನಾನು ಹೋಗಬೇಡ ಅಂದೆನಲ್ಲ."

"ಅಂದೆ. ಕೇಳಿಸ್ತು. ಕೇಳಿ ಖುಷಿಯೂ ಆಯ್ತು. ಆದ್ರೆ ನನಗೆ ಹೋಗೋಕೆ ಇಷ್ಟ ಇದೆ. ಮೊದಲೇ ಕೇಳಿದ್ರೆ ಇದನ್ನೇ ನಗ್ತಾ ಹೇಳ್ತಿದ್ದೆ." ಅವಳು ಬಾಗಿ, ಅವನ ಕಣ್ಣಿಗೆ ಕಣ್ಣಿಟ್ಟಳು. "ಪ್ರತಿ ತಿಂಗಳು ನನ್ನ ನೋಡೋಕೆ ಬರ್ತೀಯಾ? ನೋಡು, ಕೇಳ್ತಿದೀನಿ. ಹೀಗೆ ಕೇಳೋದು. ಕಲಿತ್ಕೋ."

"ಬರ್ತೀನಿ."

"ನಿಜವಾಗ್ಲೂ ಇಷ್ಟ ಇದ್ದು?"

"ಇಷ್ಟ ಇದ್ದು. ಪ್ರತಿ ವಾರ ಕರೆದ್ರೂ ಬರ್ತೀನಿ."

ಹಿಂದಿನಿಂದ ಅಜ್ಜಿ ಗ್ಲಾಸು ಕೆಳಗಿಟ್ಟ ಸದ್ದಾಯಿತು. "ಅಬ್ಬಾ," ಎಂದರು ಯಾರಿಗೆಂದಿಲ್ಲದೆ.

ಅಷ್ಟರಲ್ಲಿ ಲಿಸ್ಬನ್ ವಿಮಾನದ ಕರೆ ಬಂತು. ಸೂಪು ಆರಿ ಕೆನೆಗಟ್ಟಿತ್ತು. ಆರ್ಮಸ್ ಇಬ್ಬರ ಕೋಟನ್ನೂ ಎತ್ತಿಕೊಂಡ. ಬಾಗಿಲು ದಾಟುವಾಗ ಹೆಲ್ಕಾ ಅವನ ಕೈಯನ್ನು ಗಕ್ಕನೆ ಹಿಡಿದಳು, ಜಗಳ ಬಿಡಿಸಲು ಹಿಡಿಯುವವರ ಹಾಗೆ, ಗೆಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ.

"ಇದನ್ನ ಮುದ್ದು ಅಂದ್ಕೋಬೇಡ," ಎಂದಳು. "ನನಗಿನ್ನೂ ಸಿಟ್ಟಿದೆ."

"ಗೊತ್ತಾಗ್ತಿದೆ. ಬೆರಳು ನೋಯ್ತಿದೆ."

"ನೋಯ್ಲಿ."

ಅವನು ಕೈ ಬಿಡಿಸಿಕೊಳ್ಳಲಿಲ್ಲ. ಗೇಟಿನವರೆಗೂ ಅವಳು ಹಿಡಿತ ಸಡಿಲಿಸಲಿಲ್ಲ.