ತೆರೆಯಬೇಡ, ಒಳಗೇನೂ ಇಲ್ಲ

ಕತ್ತರಿ ಹಿಡಿದು ಒಳಗೆ ನುಗ್ಗಿದ ಹುಡುಗಿಯನ್ನು ನೋಡಿ ಜೆರಾಕ್ಸ್ ಅಂಗಡಿಯವನು ಮೆಷಿನ್ ಹಿಂದೆ ಸರಿದು ನಿಂತ.

"ಮೇಲ್ ಬರೆಯೋ ಮಹಾನುಭಾವ ಯಾರ್ರೀ ಇಲ್ಲಿ?"

ಅಂಗಡಿಯವನ ಬೆರಳು ಮೂಲೆಯ ಮೇಜಿನ ಕಡೆ ತೋರಿಸಿತು.

ಅಲ್ಲಿ ಒಬ್ಬ ಕೂತಿದ್ದ. ಬಾಚದ ತಲೆ, ಗಂಟಿಕ್ಕಿದ ಹುಬ್ಬು. ಕೀಬೋರ್ಡನ್ನು ಅವನು ಕುಟ್ಟುತ್ತಿದ್ದ ರೀತಿ ನೋಡಿದರೆ, ಅದು ಅವನಿಗೆ ಏನೋ ದ್ರೋಹ ಮಾಡಿರಬೇಕು ಅನ್ನಿಸುತ್ತಿತ್ತು.

"ನಾನೇ. ಏನೀಗ?"

ಅವಳು ಕಂಕುಳಲ್ಲಿದ್ದ ದಿಂಬನ್ನು ಅವನ ಕೀಬೋರ್ಡ್ ಮೇಲೇ ಕುಕ್ಕಿದಳು. ರೇಷ್ಮೆಯಂತೆ ಹೊಳೆಯುವ ಗವಸು. ಮೂಲೆಯಲ್ಲಿ ಬಂಗಾರದ ಬಣ್ಣದ ಚೀಟಿ... 'ಶುದ್ಧ ಹತ್ತಿ'.

ಚರ್‌ರ್‌ರ್!

ಒಂದೇ ಸಲಕ್ಕೆ ಸೀಳಿದಳು. ಒಳಗಿಂದ ಹೊರಬಿದ್ದದ್ದು ಬಣ್ಣಬಣ್ಣದ ಚಿಂದಿ, ನೂಲಿನ ಗಂಟು, ಯಾರದೋ ಹಳೇ ಕಾಲುಚೀಲದ ತುಂಡು.

"ಇದು ದೊಡ್ಡ ಕಂಪನಿಯವರ ದಿಂಬು. ಹೊರಗೆ ಥಳುಕು, ಒಳಗೆ ಹುಳುಕು. ನೀವು ನಮ್ಮಂಗಡಿ ಹೆಸರಲ್ಲಿ ಕಳಿಸಿದ ಮೇಲ್ ಕೂಡ ಹೀಗೇ ಇದೆ!"

ಅವನಿಗೆ ಅರ್ಥವಾಯಿತು. ದಿಂಬಿನ ಅಂಗಡಿಯವರು ಮಾರಾಟ ಏರಿಸಿಕೊಡು ಅಂದಿದ್ದರು. ಅವನು ಅವರ ಗಿರಾಕಿಗಳಿಗೆಲ್ಲ ಒಂದು ಮೇಲ್ ಬಿಟ್ಟಿದ್ದ. ತಲೆಬರಹ, 'ನಿಮ್ಮ ಆರ್ಡರ್ ರದ್ದಾಗಿದೆ!' ಗಾಬರಿಯಾಗಿ ತೆರೆದರೆ ಒಳಗೆ, 'ಹೆದರಬೇಡಿ, ಹೊಸ ದಿಂಬು ಬಂದಿದೆ.'

"ಮೇಡಂ, ಎಷ್ಟು ಜನ ತೆರೆದ್ರು ಗೊತ್ತಾ? ಹೆಚ್ಚುಕಡಿಮೆ ಎಲ್ಲರೂ!"

"ಎಷ್ಟು ಜನ ಕೊಂಡ್ರು?"

ಅವನು ಕೀಬೋರ್ಡಿನ ಮೇಲಿನ ಚಿಂದಿ ಕೊಡವತೊಡಗಿದ.

"ಒಬ್ಬರೂ ಇಲ್ಲ! ತೆರೆದವರೆಲ್ಲ ಫೋನ್ ಮಾಡಿ ಬೈದ್ರು. ಬೈಸ್ಕೊಂಡಿದ್ದು ಯಾರು? ನಾನು!"

"ಬಾಗಿಲು ತಟ್ಟಿದ್ರೆ ತಾನೇ ಜನ ತೆಗೆಯೋದು?"

"ಬೆಂಕಿ ಬಿತ್ತು ಅಂತ ಕೂಗಿ ಬಾಗಿಲು ತೆಗೆಸಿ, ಆಮೇಲೆ ದಿಂಬು ಬೇಕಾ ಅಂದ್ರೆ... ಜನ ದಿಂಬು ತಗೋತಾರಾ, ದೊಣ್ಣೆ ತಗೋತಾರಾ?"

ಮೆಷಿನ್ ಹಿಂದಿನಿಂದ ಕಿಸಕ್ಕನೆ ನಗು ಕೇಳಿಸಿತು. ಗಂಟಿಕ್ಕಿದ್ದ ಹುಬ್ಬು ಸಡಿಲವಾಯಿತು. ಅವನೂ ನಕ್ಕುಬಿಟ್ಟ.

'ಅಯ್ಯೋ, ಇವನು ನಗ್ತಾನಾ?' ಅಂದುಕೊಂಡಳು. ಬೈಯೋಕೆ ತಂದಿದ್ದ ಅರ್ಧ ಮಾತು ಮರೆತೇಹೋಯಿತು.

ಈ ಹುಡುಗಿಯನ್ನು ಮನೆಯಲ್ಲೂ ಬೀದಿಯಲ್ಲೂ ಕರೆಯುವುದು ಹತ್ತಿ ಅಂತ. ಹುಟ್ಟಿದಾಗಿಂದ ಕೂದಲಲ್ಲಿ ಹತ್ತಿ ಎಳೆ ಇಲ್ಲದ ದಿನವೇ ಇಲ್ಲ. ಅಪ್ಪ ದಿಂಬು ತುಂಬುತ್ತಿದ್ದರು. ಅಪ್ಪ ಹೋದ ಮೇಲೆ ಅವರು ಕೂರುತ್ತಿದ್ದ ಮಣೆಯ ಮೇಲೆ ಇವಳು ಕೂತಳು. ಗಲ್ಲಾದಲ್ಲಿ ಚಿಕ್ಕಪ್ಪ.

ವ್ಯಾಪಾರ ಬಿದ್ದುಹೋಗಿತ್ತು. ಅದೇ ಚಿಂದಿ ತುಂಬುವ ದೊಡ್ಡ ಕಂಪನಿಯವರು, ಅಂಗಡಿ ಬಿಟ್ಟುಕೊಡಿ, ಗೋಡೌನ್ ಮಾಡ್ಕೋತೀವಿ ಅಂತ ಬೆನ್ನು ಹತ್ತಿದ್ದರು. ಜನರ ತಲೆ ಕೆಳಗೆ ಕಸ ಇಟ್ಟು ದುಡ್ಡು ಎಣಿಸುವವರಿಗೆ ಇನ್ನೊಬ್ಬರ ಮಣೆಯ ಬೆಲೆ ಹೇಗೆ ಗೊತ್ತಾಗಬೇಕು? ಚಿಕ್ಕಪ್ಪ ಅರ್ಧ ಒಪ್ಪಿಬಿಟ್ಟಿದ್ದ.

"ಈ ಸಲ ಮಾರಾಟ ಏಳದಿದ್ರೆ ಬೀಗ ಹಾಕೋದೇ ಕಣಮ್ಮ."

ಆ ಬೀಗ ಬಿದ್ದರೆ ಅಪ್ಪನ ಮಣೆ ಎಲ್ಲಿಗೆ ಹೋಗಬೇಕು? ಅದೊಂದೇ ಅವಳ ಸಂಕಟ.

ಮರುದಿನ ಅವನು ತಾನಾಗಿಯೇ ಅಂಗಡಿಗೆ ಬಂದ.

"ದಿಂಬಿನ ಬಗ್ಗೆ ಏನೂ ಗೊತ್ತಿಲ್ದೆ ಬರೆದೆ. ತಪ್ಪಾಯ್ತು. ಹೇಳಿಕೊಡಿ."

ಅವನು ಒಂಬತ್ತನೇ ಕ್ಲಾಸಿಗೇ ಶಾಲೆಗೆ ಕೈ ಮುಗಿದವನು. 'ನಿನ್ನ ಕೈಬರಹಕ್ಕೆ ಕೂಲಿಯೂ ಸಿಗಲ್ಲ' ಅಂದಿದ್ದ ಮೇಷ್ಟ್ರ ಮೇಲೆ ಹುಟ್ಟಿದ ಸಿಟ್ಟು ಇನ್ನೂ ಆರಿರಲಿಲ್ಲ. ಮೊದಲು ಕರಪತ್ರ ಬರೆದ, ಈಗ ಮೇಲ್. ಚಿಕ್ಕಪ್ಪ ಅವನಿಗೆ ಕಡ್ಡಿಪೆಟ್ಟಿಗೆ ಅಂತ ಹೆಸರಿಟ್ಟ. ಗೀರಿದರೆ ಸಾಕು, ಉರಿಯುತ್ತಿದ್ದ.

ಅಮ್ಮ ಒಳಗಿಂದಲೇ ಗೊಣಗಿದಳು. "ಹತ್ತಿ ಪಕ್ಕ ಕಡ್ಡಿಪೆಟ್ಟಿಗೆ ಇಡಬಾರದು ಕಣೇ..."

"ಅಮ್ಮಾ! ಸುಮ್ನಿರೇ!"

ಅವಳು ಕಲಿಸಿದಳು. ಹತ್ತಿಯನ್ನು ಹೇಗೆ ಬಿಡಿಸಬೇಕು, ಮೂಲೆಗೆ ಮೊದಲು ಯಾಕೆ ತುಂಬಬೇಕು, ಒಳ್ಳೇ ದಿಂಬು ಯಾವುದು, ಆಯಸ್ಸು ಮುಗಿದದ್ದು ಯಾವುದು. ಅವನು ಕೇಳಿಕೊಂಡು ಹೋಗಿ, ಒಂದು ಮೇಲ್ ಬರೆದು ತಂದ.

ತಲೆಬರಹ: 'ನಿಮ್ಮ ದಿಂಬನ್ನು ಮಧ್ಯಕ್ಕೆ ಮಡಚಿ ಬಿಟ್ಟು ನೋಡಿ.'

ಒಳಗೆ: 'ಎದ್ದು ಬಂದರೆ ಅದಕ್ಕೆ ಇನ್ನೂ ಜೀವ ಇದೆ. ನಮ್ಮ ಹತ್ತಿರ ಬರಬೇಡಿ. ಹಾಗೇ ಬಿದ್ದುಕೊಂಡರೆ ಬನ್ನಿ, ನಿಮ್ಮ ಕುತ್ತಿಗೆ ಯಾಕೆ ನೋಯುತ್ತೆ ಅಂತ ನಮಗೆ ಗೊತ್ತು.'

"ಇದೇನ್ರೀ! ಬರಬೇಡಿ ಅಂತ ಬರೆದಿದೀರಲ್ಲ?"

"ಬರಬೇಡಿ ಅನ್ನೋ ಅಂಗಡಿಯವನನ್ನೇ ಜನ ನಂಬೋದು. ಇನ್ನೊಂದು ಕೇಳಿ, 'ತೆರೆಯಬೇಡಿ' ಅಂತ ತಲೆಬರಹ ಕೊಟ್ಟರೆ ಎಲ್ಲಕ್ಕಿಂತ ಮೊದಲು ಅದನ್ನೇ ತೆರೀತಾರೆ."

"ತೆರೆದ ಮೇಲೆ ಒಳಗೆ ಚಿಂದಿ ಇದ್ರೆ?"

"ಮತ್ತೆ ಯಾವತ್ತೂ ತೆರೆಯಲ್ಲ." ಅವನು ಅವಳ ಕತ್ತರಿ ಕಡೆ ನೋಡಿದ. "ಅದನ್ನ ಒಬ್ಬರು ಚೆನ್ನಾಗಿ ಕಲಿಸಿದ್ರು."

ಆ ಮೇಲ್ ಹೋಯಿತು. ಮಧ್ಯಾಹ್ನದೊಳಗೆ ಫೋನ್ ಶುರು. ಬೈಯೋಕಲ್ಲ! ಎಷ್ಟೋ ಮನೆಗಳಲ್ಲಿ ಗಂಡ-ಹೆಂಡತಿ ಕೂತು ದಿಂಬು ಮಡಚಿ ನೋಡಿದ್ದರು. ಒಬ್ಬ ಅಜ್ಜಿಯಂತೂ, "ನಂದು ಎದ್ದು ಬಂತು ಕಣವ್ವಾ, ಆದ್ರೂ ಒಂದು ಕಳಿಸು, ನನ್ನ ಸೊಸೇದು ಬಿದ್ದುಕೊಂಡಿದೆ" ಅಂದಳು.

ಹತ್ತಿ ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು.

ಅವತ್ತೇ ಒಂದು ಷರತ್ತು ಹಾಕಿದಳು. "ನಾನು ಓದದೆ ಒಂದು ಮೇಲ್ ಕೂಡ ಹೋಗಬಾರದು."

"ಹೋಗಲ್ಲ. ಆಣೆ."

ಹೀಗೆ ಒಂದರ ಹಿಂದೆ ಒಂದು ಮೇಲ್. ಅವನು ಬರೆಯೋದು, ಅವಳು ಓದಿ ಹೊಡೆದುಹಾಕೋದು, ಅವನು ಉರಿಯೋದು, ಅವಳು ನಗೋದು. 'ರೀ' ಅನ್ನೋದು ಯಾವಾಗ ಬಿದ್ದುಹೋಗಿ 'ನೀನು' ಬಂತೋ ಇಬ್ಬರಿಗೂ ನೆನಪಿಲ್ಲ.

ಒಂದು ಸಂಜೆ ಅವನು ಕಪಾಟಿನ ಮೇಲಿದ್ದ ಒಂದು ಹಳೇ ದಿಂಬು ನೋಡಿ ಕೇಳಿದ. "ಅದ್ಯಾಕೆ ಹಾಗೇ ಇದೆ? ಪೂರ್ತಿ ಗಂಟು ಕಟ್ಟಿದೆಯಲ್ಲ."

ಅವಳ ಕೈ ನಿಂತಿತು.

"ಅಪ್ಪಂದು... ಅವರ ತಲೆ ಇಟ್ಟ ಜಾಗ ಇನ್ನೂ ತಗ್ಗಾಗೇ ಇದೆ. ಊರವರ ದಿಂಬೆಲ್ಲ ಬಿಚ್ಚಿ ತುಂಬ್ತೀನಿ. ಅದೊಂದು ಬಿಚ್ಚೋಕೆ ಕೈ ಬರಲ್ಲ ಕಣೋ."

ಅವನು ಕೆಳಗೆ ಬಗ್ಗಿ, ಚೆಲ್ಲಿದ್ದ ಹತ್ತಿಯನ್ನು ಒಂದೊಂದೇ ಎಳೆ ಆರಿಸಿ ಅವಳ ಬುಟ್ಟಿಗೆ ಹಾಕಿದ. ಯಾರಿಗೂ ಹೇಳದ ಮಾತನ್ನು ಇವನಿಗೆ ಹೇಳಿದೆನಲ್ಲ ಅಂತ ಅವಳಿಗೆ ಭಯವಾಗಲಿಲ್ಲ. ಹಗುರವಾಯಿತು.

ಆ ಹಗುರ ಜಾಸ್ತಿ ದಿನ ಉಳಿಯಲಿಲ್ಲ.

ಒಂದು ಬೆಳಿಗ್ಗೆ ಫೋನಿನಲ್ಲಿ ಯಾರೋ ಹೆಂಗಸು ಬಿಕ್ಕುತ್ತಿದ್ದರು. "ನಿಮ್ಮ ತಂದೆಯವರ ದಿಂಬಿನ ವಿಷಯ ಓದಿದೆ ತಾಯಿ... ಅಳು ತಡೆಯೋಕಾಗಲಿಲ್ಲ. ನನಗೂ ಎರಡು ದಿಂಬು ಕಳಿಸಿ."

ಹತ್ತಿ ತಕ್ಷಣ ತನ್ನ ಫೋನಿನಲ್ಲಿ ಮೇಲ್ ತೆರೆದಳು.

'ಊರವರ ದಿಂಬೆಲ್ಲ ಬಿಚ್ಚುವ ಹುಡುಗಿ, ಬಿಚ್ಚಲಾರದ ಒಂದು ದಿಂಬು.'

ಅವಳು ಹೇಳಿದ್ದೆಲ್ಲ ಇತ್ತು. ತಗ್ಗು. ಗಂಟು. ಕೈ ಬರದಿದ್ದದ್ದು. ಊರಿನ ಎಲ್ಲರ ಫೋನಿನಲ್ಲೂ!

ಅದೇ ಹೊತ್ತಿಗೆ ಅವನು ಏನೂ ಅರಿಯದವನಂತೆ ಅಂಗಡಿ ಮೆಟ್ಟಿಲು ಹತ್ತಿ ಬಂದ.

"ನಮ್ಮಪ್ಪನ್ನೂ ಮಾರಿಬಿಟ್ಟೆಯಲ್ಲೋ!"

"ಏನು...?"

ಅವಳು ಫೋನನ್ನು ಮುಖಕ್ಕೆ ಹಿಡಿದಳು. ಅವನ ಬಣ್ಣ ಇಳಿದುಹೋಯಿತು. ಅದು ಅವನು ತನಗೋಸ್ಕರ ಬರೆದಿಟ್ಟದ್ದು. ಅವಳ ಮಾತು ಎದೆಯಿಂದ ಇಳಿಯದೆ, ದಿನಾ ಬರೆಯುವ ಜಾಗದಲ್ಲೇ, ಅಂಗಡಿಯ ಖಾತೆಯಲ್ಲೇ ಬರೆದು, ಕಳಿಸದೆ ಬಿಟ್ಟದ್ದು. ಆ ಖಾತೆಯ ಪಾಸ್‌ವರ್ಡ್ ಗೊತ್ತಿದ್ದದ್ದು ಇನ್ನೊಬ್ಬರಿಗೆ ಮಾತ್ರ.

ಅವನು ಗಲ್ಲಾ ಕಡೆ ನೋಡಿದ. ಚಿಕ್ಕಪ್ಪ ನೆಲ ನೋಡುತ್ತಿದ್ದ.

'ಇವಳಿಗೆ ಅಪ್ಪನ ಜಾಗದಲ್ಲಿ ಇರೋದು ಇವರೊಬ್ಬರೇ. ಅವರ ಮೇಲಿನ ನಂಬಿಕೆ ಹೋದ್ರೆ ಇವಳಿಗೆ ಮನೆಯೇ ಹೋದ ಹಾಗೆ. ನಾನು ಹೋದ್ರೆ... ಒಬ್ಬ ಮೇಲ್ ಬರೆಯೋನು ಹೋದ, ಅಷ್ಟೇ.'

ಕಡ್ಡಿಪೆಟ್ಟಿಗೆ ಅವತ್ತು ಉರಿಯಲಿಲ್ಲ.

"ಬರೆದದ್ದು ನಾನೇ" ಅಂದ.

"ಹೊರಟುಹೋಗು."

ಹೋದ.

ಆರ್ಡರ್ ಮೇಲೆ ಆರ್ಡರ್. ಚಿಕ್ಕಪ್ಪ ಕಂಪನಿಯವರಿಗೆ ಫೋನ್ ಮಾಡಿ ಅಂಗಡಿ ಕೊಡಲ್ಲ ಅಂದ. ಮಣೆ ಉಳಿಯಿತು. ಆದರೆ ಮಣೆಯ ಮೇಲೆ ಕೂತವಳ ಮುಖ ನೋಡುವ ಹಾಗಿರಲಿಲ್ಲ. ಅವನ ನಂಬರ್ ಬ್ಲಾಕ್ ಮಾಡಿದಳು. ಅವನ ಮೇಲ್ ವಿಳಾಸವನ್ನು ಸ್ಪ್ಯಾಮ್‌ಗೆ ದಬ್ಬಿದಳು. ಮೇಲ್ ಬರೆಯುವವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ ಅಂತ ಅವನೇ ಒಂದು ದಿನ ಹೇಳಿದ್ದ.

'ಬಾಯಲ್ಲಿ ಆಣೆ, ಕೈಯಲ್ಲಿ ವ್ಯಾಪಾರ. ಅವನೂ ಚಿಂದಿ ತುಂಬಿದ ದಿಂಬೇ!'

ಆದರೂ ಯಾರಾದರೂ ಮೆಟ್ಟಿಲು ಹತ್ತಿದರೆ ಕಣ್ಣು ತಾನಾಗಿ ಏಳುತ್ತಿತ್ತು. ಹಾಳಾದ ಕಣ್ಣು!

ಒಂದು ಮುಂಜಾನೆ ಚಿಕ್ಕಪ್ಪ ಚಹಾ ಲೋಟ ಹಿಡಿದು ಅವಳ ಎದುರು ಕೂತ. ಕಣ್ಣು ಕೆಂಪಗಿತ್ತು.

"ಮನೆ ತುಂಬ ದಿಂಬಿದೆ. ಒಂದರ ಮೇಲೂ ನಿದ್ದೆ ಬರ್ತಿಲ್ಲ ಕಣಮ್ಮ."

"ಯಾಕೆ ಚಿಕ್ಕಪ್ಪಾ? ಹುಷಾರಿಲ್ವಾ?"

"ಅದನ್ನ ಕಳಿಸಿದ್ದು ನಾನು."

"...ಏನನ್ನ?"

"ಅಣ್ಣನ ದಿಂಬಿನ ಮೇಲ್. ಹುಡುಗ ಬರೆದು ಇಟ್ಟಿದ್ದ, ಕಳಿಸಿರಲಿಲ್ಲ. ಸುಮ್ನೆ ಏನಿದೆ ನೋಡೋಣ ಅಂತ ತೆಗೆದೆ. ಓದ್ತಾ ಓದ್ತಾ ನನಗೇ ಅಳು ಬಂತು. ಇಷ್ಟು ಚೆನ್ನಾಗಿದೆ, ಅಂಗಡಿ ಉಳಿಯುತ್ತೆ ಅನ್ನಿಸ್ತು... ಒತ್ತಿಬಿಟ್ಟೆ. ನೀನು ಆ ಪಾಟಿ ಸಿಟ್ಟಾದೆಯಲ್ಲ, ನಾಲಿಗೆ ಏಳಲಿಲ್ಲ. ಅವನು ನನ್ನ ಮುಖ ನೋಡಿದ. ನೋಡಿಯೂ ಹೇಳಲಿಲ್ಲ. ಬೈಯಮ್ಮ. ಎರಡು ಬಾರಿಸು ಬೇಕಾದ್ರೆ."

ಹತ್ತಿ ಬೈಯಲಿಲ್ಲ.

ಎದೆಯ ಮೇಲೆ ಯಾರೋ ಕೂರಿಸಿದ್ದ ಒರಳು ಕಲ್ಲು ಉರುಳಿಹೋದ ಹಾಗಾಯಿತು. ಉಸಿರು ಪೂರ್ತಿ ಒಳಗೆ ಹೋಯಿತು. ಎಷ್ಟು ದಿನ ಆಗಿತ್ತು ಹಾಗೆ ಉಸಿರಾಡಿ!

'ಅವನು ಮಾರಲಿಲ್ಲ. ಅವನು ಮಾರಲಿಲ್ಲ!'

"ಚಿಕ್ಕಪ್ಪಾ..." ಅವಳು ಅಳುತ್ತಲೇ ನಕ್ಕಳು. "ಇನ್ಮೇಲೆ ಕಂಪ್ಯೂಟರ್ ಮುಟ್ಟಿದ್ರೆ ಕೈ ಹೊಲಿದುಬಿಡ್ತೀನಿ."

"ಹೊಲಿ ತಾಯಿ, ಡಬಲ್ ಹೊಲಿಗೆ ಹಾಕು" ಅಂದು ಅವನೂ ಕಣ್ಣೊರೆಸಿಕೊಂಡ.

ಆಮೇಲೆ ನೆನಪಾಯಿತು. ಸ್ಪ್ಯಾಮ್!

ಆ ಕಸದ ರಾಶಿ ತೆರೆದಳು. 'ನೀವು ಬಹುಮಾನ ಗೆದ್ದಿದ್ದೀರಿ!' 'ಇಂದೇ ಕೊನೆಯ ಅವಕಾಶ!' 'ನಾಳೆ ಸಿಗಲ್ಲ!' ದಿನಾ ಕೊನೆಯ ದಿನ ಅಂತ ಸುಳ್ಳು ಹೇಳುವ ಕಳ್ಳರ ನಡುವೆ, ಅವನ ಹೆಸರು. ಒಂದೇ ಒಂದು ಮೇಲ್.

ತಲೆಬರಹ ಇಷ್ಟುದ್ದ ಇತ್ತು:

'ಇದನ್ನ ತೆರೆಯಬೇಡ, ಒಳಗೇನೂ ಇಲ್ಲ, ಹೇಳೋದೆಲ್ಲ ಇಲ್ಲೇ ಹೇಳ್ತಿದೀನಿ, ನಿನ್ನ ಮಾತನ್ನ ಬರೆದಿಟ್ಟದ್ದೇ ನನ್ನ ತಪ್ಪು, ಕ್ಷಮಿಸು, ನೀನಂದ್ರೆ ನಂಗೆ ಪ್ರಾಣ.'

ಅವಳು ಬೆರಳು ಒತ್ತಿದಳು.

ತೆರೆಯಿತು. ಖಾಲಿ. ಒಂದಕ್ಷರವಿಲ್ಲ. ಕೊಂಡುಕೊಳ್ಳಿ ಅನ್ನೋ ಗುಂಡಿಯಿಲ್ಲ. ಬರೀ ಬಿಳಿ, ಆಗತಾನೆ ಬಿಡಿಸಿದ ಹತ್ತಿಯ ಹಾಗೆ.

"ಅಮ್ಮಾ, ಹೊರಗೆ ಹೋಗಿ ಬರ್ತೀನಿ!"

"ಕತ್ತರಿ ಯಾಕೇ ಎತ್ಕೊಂಡೆ?"

ಬಾಗಿಲಷ್ಟೇ ಅಲ್ಲಾಡುತ್ತಿತ್ತು.

ಜೆರಾಕ್ಸ್ ಅಂಗಡಿಯವನು ಅವಳನ್ನು ನೋಡಿದವನೇ ಮತ್ತೆ ಮೆಷಿನ್ ಹಿಂದೆ ಹೋದ. "ಅಣ್ಣಾ, ಬಂದ್ರು! ಕತ್ತರಿ ಇದೆ!"

ಮೂಲೆಯ ಮೇಜಿನಿಂದ ಅವನು ಎದ್ದು ನಿಂತ. ಇಳಿದ ಮುಖ, ಬೆಳೆದ ಗಡ್ಡ. ಅವಳ ಕಂಕುಳಲ್ಲಿ ಬಟ್ಟೆ ಸುತ್ತಿದ ಏನೋ ಇತ್ತು.

"ಚಿಕ್ಕಪ್ಪ ಎಲ್ಲ ಹೇಳಿದ್ರು" ಅಂದಳು.

"ಅವರು ಯಾಕೆ ಹೇಳಿದ್ರು? ನಾನು..."

"ಬಾಯಿ ಮುಚ್ಚು. ದೊಡ್ಡ ತ್ಯಾಗಮೂರ್ತಿ! ನಂಗೊಂದು ಮಾತು ಹೇಳಿ ಹೋಗೋಕೇನಾಗಿತ್ತು?"

"ಹೊರಟುಹೋಗು ಅಂದೆ."

"ನಾನು ಅಂದಿದ್ದನ್ನೆಲ್ಲ ಯಾವತ್ತು ಕೇಳಿದೀಯ?"

ಅವನು ಕಾಲಬೆರಳು ನೋಡುತ್ತ ಮೆಲ್ಲಗೆ ಕೇಳಿದ.

"ಮೇಲ್... ತೆರೆದ್ಯಾ?"

"ತೆರೆಯಬೇಡ ಅಂದ್ರೆ ತೆರೆಯದೆ ಇರ್ತಾರಾ? ನೀನೇ ಹೇಳಿಕೊಟ್ಟಿದ್ದಲ್ವಾ."

"ಒಳಗೇನಿತ್ತು?"

"ಏನೂ ಇರಲಿಲ್ಲ." ಅವಳ ದನಿ ಒದ್ದೆಯಾಯಿತು. "ಅದಕ್ಕೇ ಮೇಲಿದ್ದದ್ದನ್ನ ನಂಬಿದೆ."

ಅವನ ಕಣ್ಣು ತುಂಬಿತು. ಒರೆಸಿಕೊಳ್ಳೋಕೆ ಕೈಯೆತ್ತಿದ. ಅವಳು ಆ ಕೈ ಹಿಡಿದಳು.

"ನಂಗೂ ಅಷ್ಟೇ... ಪ್ರಾಣ. ಜೋರಾಗಿ ಹೇಳೋಕಾಗಲ್ಲ, ಮೆಷಿನ್ ಹಿಂದೆ ಒಬ್ಬರು ಕಿವಿ ನಿಮಿರಿಸಿಕೊಂಡಿದಾರೆ."

"ನಾನು ಕೇಳಿಸ್ಕೊಂಡಿಲ್ಲ!" ಅಂತ ಮೆಷಿನ್ ಹಿಂದಿನಿಂದ ಬಂತು.

ಅವಳು ಕಂಕುಳಲ್ಲಿದ್ದದ್ದನ್ನು ಮೇಜಿನ ಮೇಲಿಟ್ಟು ಬಟ್ಟೆ ಬಿಚ್ಚಿದಳು.

ಅಪ್ಪನ ದಿಂಬು. ನಡುವೆ ಆ ತಗ್ಗು ಹಾಗೇ ಇತ್ತು.

ಅವನು ಕೀಬೋರ್ಡನ್ನು ಪಕ್ಕಕ್ಕೆ ಸರಿಸಿದ.

"ಹೊಲಿಗೆ ನಾನು ಬಿಚ್ತೀನಿ. ಹತ್ತಿ ಬಿಡಿಸಿ, ಅದನ್ನೇ ಮತ್ತೆ ತುಂಬ್ತೀನಿ. ಅಮ್ಮನಿಗೆ ಕೊಡೋಣ" ಅಂದಳು. "ಒಬ್ಬಳಿಗೆ ಕೈ ಬರಲ್ಲ."

"ಆಣೆ ಮಾಡಿ ಹೇಳ್ತೀನಿ, ಇದನ್ನ ಎಲ್ಲೂ ಬರೆಯಲ್ಲ."

"ಬರೀಬೇಡ" ಅಂದಳು ಅವಳು. ಕತ್ತರಿ ತುದಿಯಿಂದ ಮೊದಲ ಹೊಲಿಗೆ ಎತ್ತಿದಳು. "ಆ ಕಡೆ ಹಿಡ್ಕೋ."