ಅವಳ ಹೆಗಲಿಗೆ ಒರಗಿದವನು

"ಟೊಂಕಕ್ಕ ಕೈ ಹಾಕವ್ವಾ! ಲಕ್ವಾ ಹೊಡದ ಪೇಶಂಟ್ ಅಂವ. ನೀ ನಾಚಿಕೊಂಡು ನಿಂತ್ರ ಬಿದ್ದು ಸಾಯ್ತಾನ!"

ವೇದವತಿ ಮೇಡಂ ಗದರಿದರು. ಗುರುದೇವಿಯ ಮುಖ ಕೆಂಪೇರಿತು.

ಮಂಚದ ಮೇಲೆ ರೋಗಿಯಂತೆ ಮಲಗಿದ್ದವನು ಆನಂದಕುಮಾರ. ಅವಳ ಹಾಗೆಯೇ ಯಾದಗಿರಿ ಕಡೆಯಿಂದ ಬಂದು, ಮನೆಯಲ್ಲೇ ರೋಗಿಗಳನ್ನು ನೋಡಿಕೊಳ್ಳುವ ಕೆಲಸವನ್ನು ಉಪ್ಪಲ್‌ನ ತರಬೇತಿ ಕೇಂದ್ರದಲ್ಲಿ ಕಲಿಯುತ್ತಿದ್ದವನು. ಗುರುದೇವಿ ಕಣ್ಣು ಮುಚ್ಚಿ ಅವನ ಸೊಂಟ ಬಳಸಿದಳು. ಎದೆ ಡವಡವ... ಯಾರದೋ ತಿಳಿಯಲಿಲ್ಲ!

ಕೆಲಸಕ್ಕೆ ಬೇಕಾದ ಹತ್ತನೇ ಕ್ಲಾಸಿನ ಸರ್ಟಿಫಿಕೇಟು, ಪೊಲೀಸ್ ಪರಿಶೀಲನೆ, ಡಾಕ್ಟರ ತಪಾಸಣೆ ಎಲ್ಲ ಮುಗಿದಿತ್ತು. ಇನ್ನು ಪರೀಕ್ಷೆಯಲ್ಲಿ ರೋಗಿಯನ್ನು ಮಂಚದಿಂದ ಗಾಲಿಕುರ್ಚಿಗೆ ಒಬ್ಬಳೇ ಕೂರಿಸಿ ತೋರಿಸಬೇಕು. ಪಾಸಾದರೆ ಮಿಯಾಪುರದ ಮನೆಯೊಂದರಲ್ಲಿ ಕೆಲಸ. ಇಲ್ಲವಾದರೆ ಅಪ್ಪನ ಜೊತೆ ಮತ್ತೆ ಇಟ್ಟಿಗೆ ಹೊರುವುದೇ.

ದಿನ ಹೋದಂತೆ ಅವನನ್ನು ಎತ್ತುವುದು ಹಗುರಾಯಿತು. 'ನನ್ನ ತೋಳಿಗೆ ಎಷ್ಟು ಬಲ ಬಂತು!' ಎಂದು ಹಿಗ್ಗಿದಳು. ಮನಸ್ಸೂ ಸದ್ದಿಲ್ಲದೆ ಅವನ ಕಡೆ ಸರಿಯಿತು.

ಒಂದು ಬೆಳಿಗ್ಗೆ ಬಂದು ನೋಡಿದರೆ ಅವನು ಜೊತೆಗೆ ಕಲಿಯುತ್ತಿದ್ದ ಹರ್ಷದಾಳಿಗೆ ರೋಗಿಯಾಗಿದ್ದ! ತಾನೇ ಕೇಳಿ ಜೋಡಿ ಬದಲಾಯಿಸಿಕೊಂಡನಂತೆ.

ಹರ್ಷದಾಳ ಹೆಗಲ ಮೇಲೆ ಅವನ ತಲೆ ವಾಲಿತ್ತು. 'ಅಯ್ಯೋ... ನನ್ನ ಮೇಲೆ ಒಂದು ದಿನವಾದರೂ ಹೀಗೆ ಒರಗಿದ್ದನೇ?'

"ಯಪ್ಪಾ, ಭಾಳ ಭಾರ ಅದಾನ ನಿಮ್ಮ ಕಡ್ಯಾಂವ!" ಹರ್ಷದಾ ನಕ್ಕಳು.

"ಭಾರ ಆದ್ರ ಇಳಸಿ ಬಿಡ್ರಿ! ಯಾಕ ಅಪ್ಪಿಕೊಂಡು ನಿಂತೀರಿ?" ಗುರುದೇವಿ ಸಿಡುಕಿದಳು.

ಎಲ್ಲರೂ ಗೊಳ್ಳೆಂದರು. ಗುರುದೇವಿಗೆ ಮಾತ್ರ ಕಣ್ಣು ತುಂಬಿತು.

ಅವಳ ಪಾಲಿಗೆ ರೋಗಿಯಾಗಿ ಬಂದವಳು ದಪ್ಪ ಮೈಯ ಗಂಗಾಬಾಯಿ. ಮೊದಲ ದಿನ ಆಕೆಯನ್ನು ಒಂದು ಗೇಣೂ ಅಲುಗಿಸಲಾಗಲಿಲ್ಲ! ಬಲವೆಲ್ಲ ಎಲ್ಲಿ ಹೋಯಿತು? ಹಠ ಹಿಡಿದು, ಮೊಣಕಾಲು ಬಗ್ಗಿಸುವುದರಿಂದ ಶುರುಮಾಡಿ ಎಲ್ಲವನ್ನೂ ಹೊಸದಾಗಿ ಕಲಿತಳು. ಪರೀಕ್ಷೆಯಲ್ಲಿ ಅದೇ ಗಂಗಾಬಾಯಿಯನ್ನು ನೋಯಿಸದೆ ಎತ್ತಿ ಕೂರಿಸಿದಳು.

ಪಾಸು!

ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದ ಆನಂದಕುಮಾರನನ್ನು ದಾಟಿ ಸರಸರ ನಡೆದಳು. ಅವನು ಮೆಟ್ಟಿಲ ಬಳಿ ಅಡ್ಡ ಬಂದ.

"ಯಾಕ ಸಿಟ್ಟು, ಗುರುದೇವಿ?"

"ನನ್ನ ಜೋಡಿ ಏನೈತ್ರಿ ಮಾತು? ಒರಗಾಕ ಹರ್ಷದಾನ ಹೆಗಲು ಐತೆಲ್ಲ, ಹೋಗ್ರಿ!"

ಅವನು ತಬ್ಬಿಬ್ಬಾದ. ಆಮೇಲೆ ಮೆಲ್ಲಗೆ ಹೇಳಿದ.

"ಹುಚ್ಚಿ... ಪೇಶಂಟ್ ಅಂದ್ರ ಪೂರಾ ಭಾರ ಬಿಡಬೇಕು. ಅಕಿ ಮ್ಯಾಲ ಬಿಟ್ಟೆ. ನಿನ್ನ ಮ್ಯಾಲ ಬಿಡಾಕ ಆಗಲಿಲ್ಲ. ನೀ ಉಸಿರು ಬಿಗಿಹಿಡಿದು ಎತ್ತೂದು ನೋಡಿ ಜೀವ ತಡೀಲಿಲ್ಲ, ಹಿಮ್ಮಡಿ ಊರಿ ನಾನೇ ಏಳ್ತಿದ್ದೆ. ಹಿಂಗಾದ್ರ ನೀ ಫೇಲ್ ಆಗ್ತಿ ಅಂತ ಮೇಡಂಗ ಹೇಳಿ ಬದಲಿ ಮಾಡಿಸಿದೆ."

ಗುರುದೇವಿ ಮೆಟ್ಟಿಲ ಮೇಲೆ ಕುಳಿತೇಬಿಟ್ಟಳು. 'ಹಗುರಾಗಿದ್ದು ನನ್ನ ಬಲದಿಂದಲ್ಲ...!'

"ನನಗ್ಯಾಕ ಹೇಳಲಿಲ್ಲ ನೀನು?"

"ಅಷ್ಟು ಹಿಗ್ಗಿದ್ದಿ... ಹೆಂಗ ಹೇಳಲಿ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇನ್ಮ್ಯಾಲ ಹರ್ಷದಾನ ಜೋಡಿ ನಗೂದು ಬ್ಯಾಡ."

"ಅಕಿ ಮದುವಿ ಆಗೈತಿ ಮಾರಾಯ್ತಿ!"

"ಆಗಿದ್ರೂ ಬ್ಯಾಡ!"

"ಮತ್ತ ನಂದು ಯಾವಾಗ?"

"ಐತವಾರ ನಮ್ಮಪ್ಪ ಮನ್ಯಾಗ ಇರ್ತಾನ," ಎಂದವಳು ಮುಖ ತಿರುಗಿಸಿಕೊಂಡಳು. "ಬಂದು ಕೇಳು."