ಒಂದೇ ಕೆನ್ನೆಗೆ ಬಣ್ಣ

ಸಕಲ ನಾಗರಿಕರಿಗೂ ಅತೀವ ವಿಷಾದದಿಂದ ತಿಳಿಯಪಡಿಸುವುದೇನೆಂದರೆ, ದೋಣಿ ಹೊರುವ ಟ್ರೇಲರೊಂದರ ಎಡಗಡೆ ಟೈರು ಇಂದು ಬೆಳಗ್ಗೆ ಹೆದ್ದಾರಿಯಲ್ಲಿ ಕೊನೆಯುಸಿರೆಳೆಯಿತು. ಎಲ್ಲ ಉಸಿರೂ ಒಂದೇ ಸಲಕ್ಕೆ ಹೋಯಿತು.

ಇನ್ಸ್‌ಪೆಕ್ಟರಮ್ಮ ಬಂದಾಗ ಟ್ರೇಲರ್ ಹಳ್ಳದಲ್ಲಿ ಜಿರಳೆಯಂತೆ ಅಂಗಾತ ಬಿದ್ದಿತ್ತು. ಕೆಳಗೆ ದೋಣಿ ಅಪ್ಪಚ್ಚಿ. ಚಕ್ರಗಳು ಆಕಾಶ ನೋಡುತ್ತಿದ್ದವು. ಪಕ್ಕದಲ್ಲಿ ಸೈಕಲ್ ತುಳಿಯುತ್ತಿದ್ದ ಮೇಷ್ಟ್ರು ಆಸ್ಪತ್ರೆ ಸೇರಿದ್ದರು. ಟ್ರೇಲರ್ ಎಳೆದು ತಂದ ಜೀಪಿನ ಡ್ರೈವರ್ ಮುರಿದ ಕೈ ಹಿಡಿದು ಕಲ್ಲಿನ ಮೇಲೆ ಕೂತಿದ್ದ.

"ಇವನೇ ಮೇಡಂ, ಬರೀ ಸ್ಪೀಡು! ಹೆಂಡ್ತಿ ತಮ್ಮ ಅಂತ ಮುಖ ನೋಡಲ್ಲ. ಒಳಗೆ ಹಾಕಿ" ಎಂದ ಮಾಲೀಕ. ದೋಣಿ ಬಾಡಿಗೆಗೆ ಕೊಡುವ ಅವನಿಗೆ ಊರವರಿಟ್ಟ ಹೆಸರು ಪಾಲಿಶಪ್ಪ.

"ಭಾವಾ, ಅಕ್ಕನಾಣೆ, ನಿಧಾನಕ್ಕೇ ಬಂದೆ."

"ಟೈರ್ ಹೇಗಿತ್ತು?" ಇನ್ಸ್‌ಪೆಕ್ಟರಮ್ಮ ಕೇಳಿದಳು.

"ಹೋದ ತಿಂಗಳು ತಂದ ಹೊಸಾದು! ಬಲಗಡೇದು ನೋಡಿ, ಮೈಮೇಲಿನ ಕೂದ್ಲೂ ಉದುರಿಲ್ಲ."

ನಿಜ. ಉಳಿದ ಟೈರಿನ ಮೇಲೆ, ಹೊಸ ಟೈರಿಗಿರುವ ಕೂದಲಿನಂಥ ರಬ್ಬರ್ ಎಳೆಗಳು ಹಾಗೇ ನಿಂತಿದ್ದವು. ಕಪ್ಪು ಹೊಳಪಿನಲ್ಲಿ ಅವಳ ಮುಖವೇ ಕಾಣುತ್ತಿತ್ತು. ಹಳ್ಳದಂಚಿನಿಂದಲೇ ಕೈ ಚಾಚಿ ಅದರ ಮೇಲೆ ಅಂಗೈ ಇಟ್ಟಳು. ನೆಲ ಮುಟ್ಟುವುದು ಇಷ್ಟೇ ಜಾಗ. ಇಂಥ ಎರಡು ಅಂಗೈ ಮೇಲೆ ದೋಣಿಯೂ ಅಕ್ಕಪಕ್ಕದವರ ಪ್ರಾಣವೂ!

*

ಹಿಂದೆ ಬರುತ್ತಿದ್ದ ವ್ಯಾನಿನ ಹೆಂಗಸನ್ನು ಕರೆಸಿದರು.

"ಸ್ಪೀಡಾ? ಹಾರ್ನ್ ಒತ್ತಿ ಒತ್ತಿ ನನ್ನ ಹೆಬ್ಬೆಟ್ಟು ಸವೀತು! ಹೆಣ ಹೊತ್ತೋರೂ ಇವನಿಗಿಂತ ಬೇಗ ಹೋಗ್ತಾರೆ."

ಸ್ಪೀಡಿನ ಕಥೆ ಅಲ್ಲಿಗೆ ಪಂಕ್ಚರ್. ಸಿಡಿದ ಟೈರಿನ ಚೂರುಗಳಲ್ಲಿ ಮೊಳೆಯೂ ಸಿಗಲಿಲ್ಲ.

"ಕ್ರೇನ್ ಬಂತು ಮೇಡಂ, ಮೊದ್ಲು ನೆಟ್ಟಗೆ ನಿಲ್ಲಿಸ್ಬಿಡೋಣ" ಎಂದ ಪಾಲಿಶಪ್ಪ.

ಬಾಮೈದನ ಕೈಗೆ ಇನ್ನೂ ಪಟ್ಟಿ ಕಟ್ಟಿಲ್ಲ. ಟ್ರೇಲರಿಗೇಕೆ ಇಷ್ಟು ಉಪಚಾರ? ಇನ್ಸ್‌ಪೆಕ್ಟರಮ್ಮ ಹಳ್ಳಕ್ಕಿಳಿದು, ಟ್ರೇಲರಿನ ಹೊಟ್ಟೆ ಹತ್ತಿ, ಚಕ್ರಗಳ ನಡುವೆ ಕುಕ್ಕರಗಾಲಲ್ಲಿ ಕೂತಳು. ಕರ್ಚೀಫಿನಿಂದ ಬಲಗಡೆ ಟೈರಿನ ಒಳಬದಿ ಒರೆಸಿದಳು. ಬಾಯಿ ತೆರೆದದ್ದು ಹಾಗೇ ನಿಂತಿತು.

*

"ಪಾಲಿಶಪ್ಪನೋರೇ, ಮೇಕಪ್ಪು ಒಂದೇ ಕೆನ್ನೆಗ್ಯಾಕೆ?"

ಅವನು ಕ್ರೇನಿನ ಕಡೆ ನೋಡಿದ.

"ಹೊರಗಡೆ ಕನ್ನಡಿ. ಒಳಗಡೆ ಬೂದಿ ಬಣ್ಣ, ಆನೆ ಚರ್ಮದ ಹಾಗೆ ಬಿರುಕು. ಟೈರಿಗೂ ಜಾತಕ ಇರುತ್ತೆ ಸ್ವಾಮಿ. ನಾಲ್ಕು ಅಂಕಿ. ಮೊದಲೆರಡು ಹುಟ್ಟಿದ ವಾರ, ಕೊನೆಯೆರಡು ವರ್ಷ. ಅದೂ ಒಂದೇ ಬದೀಲಿ. ನೀವು ಆ ಬದೀನ ಒಳಗೆ ತಿರುಗಿಸಿ ಹಾಕಿಸಿದ್ರಿ. ಈ ಟೈರ್ ಹುಟ್ಟಿದಾಗ ನಾನಿನ್ನೂ ಲಂಗ ತೊಟ್ಟು ಸ್ಕೂಲಿಗೆ ಹೋಗ್ತಿದ್ದೆ! ಸಿಡಿದದ್ದೂ ಇದರ ಜೋಡಿಯೇ."

"ಆದ್ರೆ... ಕೂದ್ಲು..."

"ಕೂದ್ಲಿದ್ರೆ ಓಡಿಲ್ಲ ಅಂತ ಅರ್ಥ, ಹರೆಯ ಅಂತಲ್ಲ. ರಬ್ಬರ್ ಮೂಲೇಲಿ ಕೂತೇ ಮುದಿಯಾಗುತ್ತೆ. ಗೊತ್ತಿದ್ದೇ ಬಣ್ಣ ಬಳಿದ್ರಿ, ಸಿಡಿದ ಮೇಲೆ ಇವನ ತಲೆಗೆ ಕಟ್ಟಿದ್ರಿ."

ಡ್ರೈವರ್ ಎದ್ದು ನಿಂತ. "ಭಾವಾ, ಅಕ್ಕನಿಗೆ ನಾನು ಹೇಳ್ಲಾ, ನೀವೇ ಹೇಳ್ತೀರಾ?"

ಪೊಲೀಸ್ ಜೀಪು ಹತ್ತಲು ಪಾಲಿಶಪ್ಪ ತಾನೇ ಆತುರ ತೋರಿದ.

ಇನ್ಸ್‌ಪೆಕ್ಟರಮ್ಮ ಮಾತ್ರ ಆ ಮುದಿ ಟೈರನ್ನೇ ಬೆರಗಿನಿಂದ ನೋಡುತ್ತ ನಿಂತಳು. ಎಂಥ ಉಪಾಯ! ಟ್ರೇಲರಿನ ಹೊಟ್ಟೆಯಡಿ ಯಾರು ತೂರಿ ನೋಡುತ್ತಾರೆ? ಎಲ್ಲೂ ಲೋಪವಿಲ್ಲ, ಒಂದು ಸಣ್ಣ ತಾಂತ್ರಿಕ ಷರತ್ತಿನ ಹೊರತು: ಟ್ರೇಲರ್ ಯಾವತ್ತೂ ಮಗುಚಬಾರದು.

ಹಾಗೆ ಮಗುಚದಂತೆ ಕಾಯಬೇಕಾದದ್ದು ಅದೇ ಟೈರುಗಳು.